ವಿಡಿಯೊಗೂ ಪ್ರಾಕ್ಸಿ!
ಪಕ್ಕದ ಬೀದಿಯ ಅಣ್ಣನ ಮದುವೆ ವಿಡಿಯೊ ಎಡಿಟ್ ಮಾಡಿಕೊಡಲು ಒಪ್ಪಿಕೊಂಡಿದ್ದೆ. ಮುಂಗಡವಾಗಿ ಕೊಟ್ಟ 3 ಸಾವಿರ ರೂಪಾಯಿಯನ್ನು ಪರೀಕ್ಷಾ ಶುಲ್ಕಕ್ಕೆ ಕಟ್ಟಿಯೂ ಆಗಿತ್ತು. ಫೈಲ್‌ಗಳು ಕೈಗೆ ಬಂದಾಗಲೇ ಗೊತ್ತಾಗಿದ್ದು, ಎಲ್ಲವೂ 4ಕೆ! ನನ್ನದೋ 8 ಜಿಬಿ ರ‍್ಯಾಮ್‌ನ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್. ಪ್ಲೇ ಒತ್ತಿದರೆ ಗಟ್ಟಿಮೇಳ ಕೇಳುತ್ತಿತ್ತು, ತಾಳಿ ಹಿಡಿದ ಕೈ ಮಾತ್ರ ಅಲ್ಲೇ ನಿಂತಿರುತ್ತಿತ್ತು. ಮುಂಗಡ ವಾಪಸ್ ಕೊಡೋಣವೆಂದರೆ ಜೇಬು ಖಾಲಿ.

‘ಪ್ರಾಕ್ಸಿ ಮಾಡ್ಕೊಳೋ’ ಎಂದರು ಕಾಲೇಜಿನ ಸೀನಿಯರ್. ಹಾಜರಿಗೆ ಪ್ರಾಕ್ಸಿ ಹೇಳುವುದು ಗೊತ್ತಿತ್ತು, ವಿಡಿಯೊಗೂ ಇದೆಯೆಂದು ಗೊತ್ತಿರಲಿಲ್ಲ.

4ಕೆಯ ಒಂದು ಫ್ರೇಮ್ ಎಂದರೆ 3840×2160, ಸುಮಾರು 83 ಲಕ್ಷ ಪಿಕ್ಸೆಲ್. ಅದನ್ನು 960×540ಕ್ಕೆ ಇಳಿಸಿದ ನಕಲಿನಲ್ಲಿ ಇರುವುದು ಹದಿನಾರನೇ ಒಂದು ಭಾಗ ಮಾತ್ರ. ಉಚಿತವಾಗಿ ಸಿಗುವ ಕೆಡೆನ್‌ಲೈವ್‌ನಲ್ಲಿ ಪ್ರಾಕ್ಸಿ ಆಯ್ಕೆ ಆನ್ ಮಾಡಿದರೆ ಪ್ರತಿ ಕ್ಲಿಪ್‌ಗೂ ಇಂಥ ಚಿಕ್ಕ ನಕಲು ತಯಾರಾಗುತ್ತದೆ. ಡಾವಿಂಚಿ ರಿಸಾಲ್ವ್, ಪ್ರೀಮಿಯರ್‌ಗಳಲ್ಲೂ ಈ ಸೌಲಭ್ಯವಿದೆ. ಕತ್ತರಿಸುವುದು, ಜೋಡಿಸುವುದು ಎಲ್ಲ ನಕಲಿನ ಮೇಲೆ. ಕೊನೆಗೆ ರೆಂಡರ್ ಆಗುವುದು ಮೂಲ ಫೈಲ್‌ನಿಂದ, ಹಾಗಾಗಿ ಗುಣಮಟ್ಟ ಕುಗ್ಗುವುದಿಲ್ಲ. ಮೂಲ ಫೈಲ್‌ಗಳನ್ನು ಅಳಿಸಬಾರದು, ಜಾಗ ಬದಲಿಸಬಾರದು, ಅಷ್ಟೇ.

ಪ್ರಾಕ್ಸಿ ತಯಾರಾಗಲು ಒಂದು ರಾತ್ರಿ, ರೆಂಡರ್‌ಗೆ ಇನ್ನೊಂದು ರಾತ್ರಿ ಹಿಡಿಯಿತು. ನಡುವಿನ ಎಡಿಟಿಂಗ್ ಮಾತ್ರ ಸಲೀಸು. ಪೆನ್‌ಡ್ರೈವ್ ಕೊಟ್ಟ ದಿನ, ಧಾರೆ ಎರೆಯುವ ದೃಶ್ಯ ನೋಡಿ ಮದುಮಗನ ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಬಾಕಿ ದುಡ್ಡೂ ಕೈಸೇರಿತು.

ಹಾಜರಿಯಲ್ಲಿ ಸಿಕ್ಕಿಬಿದ್ದು ದಂಡ ಕಟ್ಟಿಸಿದ್ದ ಪ್ರಾಕ್ಸಿ, ಈ ಸಲ ನನ್ನ ಮೊದಲ ಸಂಪಾದನೆಗೆ ದಾರಿಯಾಯಿತು.