ಶಾಸನೋಲ್ಲೇಖಕ್ರಮವೂ ಜೊಟೆರೊ ತಂತ್ರಾಂಶವೂ

ನ್ಯಾಮತಿಯ ಸೀಮೆಯ ಶಾಸನವೊಂದನ್ನು ಪ್ರಬಂಧದಲ್ಲಿ ಉಲ್ಲೇಖಿಸುವ ವಿದ್ವಾಂಸರು ಹಳೆಯ ಹೊನ್ನಾಳಿ ತಾಲ್ಲೂಕನ್ನು ಮರೆಯುವಂತಿಲ್ಲ. ಬಿ. ಎಲ್. ರೈಸರವರು ೧೯೦೨ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ ಎಂಬ ನಾಲ್ಕು ತಾಲ್ಲೂಕುಗಳ ಶಾಸನಗಳಿವೆ. ಒಂದೊಂದು ತಾಲ್ಲೂಕಿಗೂ ಸಂಖ್ಯೆಯು ಹೊಸದಾಗಿ ಒಂದರಿಂದ ಮೊದಲಾಗುತ್ತದೆ. ಆದಕಾರಣ ಸಂಪುಟ, ತಾಲ್ಲೂಕು, ಸಂಖ್ಯೆ ಈ ಮೂರೂ ಕೂಡಿದಲ್ಲದೆ ಶಾಸನವು ಇಂಥದೆಂದು ಗೊತ್ತಾಗದು. ೧೯೯೭ರಲ್ಲಿ ಹೊನ್ನಾಳಿ ಚನ್ನಗಿರಿಗಳು ದಾವಣಗೆರೆ ಜಿಲ್ಲೆಗೆ ಸೇರಿದುವು. ಅನಂತರ ನ್ಯಾಮತಿಯು ತಾನೇ ತಾಲ್ಲೂಕಾಯಿತು. ಇಂದಿನ ಗಡಿಯನ್ನು ನೋಡಿ ಹೊನ್ನಾಳಿಯನ್ನು ನ್ಯಾಮತಿಯೆಂದು ತಿದ್ದಿದರೆ, ಓದುವವನು ಆ ಸಂಪುಟವನ್ನೆಲ್ಲ ಮಗುಚಿದರೂ ಶಾಸನವು ದೊರೆಯದು. ಇದು ತಿದ್ದುಪಡಿಯಲ್ಲ, ಆಕರನಾಶ.

೨೦೦೬ರಲ್ಲಿ ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾನಿಲಯದಲ್ಲಿ ಹುಟ್ಟಿದ ಜೊಟೆರೊ ಎಂಬ ತಂತ್ರಾಂಶವು, ಗ್ರಂಥದ ವಿವರಗಳನ್ನು ಒಮ್ಮೆ ತುಂಬಿಟ್ಟರೆ, ಆಯಾ ಪತ್ರಿಕೆಯ ಪದ್ಧತಿಗೆ ತಕ್ಕಂತೆ ಅಡಿಟಿಪ್ಪಣಿಗಳನ್ನೂ ಗ್ರಂಥಸೂಚಿಯನ್ನೂ ಅಣಿಗೊಳಿಸುತ್ತದೆ. ಲಿಪಿಕಾರನ ಶ್ರಮವು ಇದರಿಂದ ಬಹಳ ಕಡಮೆಯಾಗುವುದು ದಿಟ. ವಿವೇಚನೆಯ ಶ್ರಮ ಮಾತ್ರ ಕಡಮೆಯಾಗದು. ಶಾಸನವೆಂಬ ಪ್ರತ್ಯೇಕ ವರ್ಗವು ಅದರಲ್ಲಿಲ್ಲ. ಆದುದರಿಂದ ಸಂಪುಟವನ್ನು ಪುಸ್ತಕವೆಂದು ದಾಖಲಿಸಿ, ಉಲ್ಲೇಖವನ್ನು ಸೇರಿಸುವಾಗ ‘ಹೊನ್ನಾಳಿ’ ಎಂಬುದನ್ನೂ ಸಂಖ್ಯೆಯನ್ನೂ ಅದರ ತುದಿಗೆ ಕೈಯಾರೆ ಜೋಡಿಸಬೇಕು. ಇಂದಿನ ತಾಲ್ಲೂಕಿನ ಹೆಸರನ್ನು ಬೇಕಾದರೆ ಪ್ರಬಂಧದ ಮಾತಿನಲ್ಲಿ ಹೇಳಬಹುದು.

ಆವೃತ್ತಿಯ ಅಂಕಣವನ್ನು ಬರಿದಾಗಿ ಬಿಡುವವರೇ ಹೆಚ್ಚು. ಮೈಸೂರು ವಿಶ್ವವಿದ್ಯಾನಿಲಯವು ೧೯೭೨ರಿಂದ ಹೊರತಂದ ಪರಿಷ್ಕೃತ ಮಾಲೆಯಲ್ಲಿ ಸಂಪುಟಗಳ ಕ್ರಮವೇ ಬೇರೆ. ಅಲ್ಲಿ ಏಳನೆಯದು ಮಂಡ್ಯ ಜಿಲ್ಲೆಯದು. ‘ಸಂಪುಟ ೭’ ಎಂದಷ್ಟೇ ಅಚ್ಚಾದರೆ, ಹೊನ್ನಾಳಿಯ ಶಾಸನವನ್ನರಸುವವನು ನಾಗಮಂಗಲದ ಶಾಸನಗಳ ಮುಂದೆ ಕುಳಿತಿರುವನು.