ಎಂಜಿನ್ ಕೂರಿಸುವ ಮೇಸ್ತ್ರಿ

ಬಿಚ್ಚಿದ ಬೋಲ್ಟನ್ನು ಮೇಸ್ತ್ರಿ ನೆಲಕ್ಕಿಡುವುದಿಲ್ಲ, ಡಬ್ಬಿಗೂ ಹಾಕುವುದಿಲ್ಲ. ಅದು ಹಿಡಿದಿದ್ದ ಭಾಗ ಈಚೆಗೆ ಬಂದ ಕೂಡಲೇ ಬೋಲ್ಟನ್ನು ಮತ್ತೆ ಅದರದೇ ತೂತಿಗೆ ಕೈಯಲ್ಲಿ ಎರಡು ಸುತ್ತು ತಿರುಗಿಸಿ ಬಿಡುತ್ತಾರೆ. ಮಾರುತಿ ವ್ಯಾನಿನ ಎಂಜಿನ್ ಕೆಳಗಿಳಿಯುವ ಹೊತ್ತಿಗೆ ಬೋಲ್ಟುಗಳೆಲ್ಲ ತಂತಮ್ಮ ಜಾಗದಲ್ಲೇ ಸಡಿಲವಾಗಿ ಕೂತಿರುತ್ತವೆ. ಗಿಡ್ಡ ಬೋಲ್ಟಿನ ತೂತಿಗೆ ಉದ್ದನೆಯದು ಹೋಗಿ ತಳ ಮುಟ್ಟಿತೋ, ಬಿಗಿಯುವಾಗ ಅಲ್ಯೂಮಿನಿಯಂ ಹೌಸಿಂಗ್ ಸೀಳುತ್ತದೆ. ಬಡ ರೈತನ ವ್ಯಾನು ಆ ಖರ್ಚು ತಡೆಯುವುದಿಲ್ಲ. "ಬಿಚ್ಚಕ್ಕೆ ಬಲ ಇದ್ರೆ ಸಾಕು ಕಣಪ್ಪ, ಕೂರ್ಸಕ್ಕೆ ನೆಪ್ಪಿರಬೇಕು" ಎನ್ನುತ್ತಾರೆ ಅವರು.

ಶ್ರೀರಂಗಪಟ್ಟಣದಿಂದ ಪಾಂಡವಪುರಕ್ಕೆ ಹೋಗುವ ದಾರಿಯಲ್ಲಿ ತಗಡು ಹೊದಿಸಿದ ಗ್ಯಾರೇಜು ಅವರದು. ವಯಸ್ಸು ಅರವತ್ತು ದಾಟಿದೆ. ಹೆಸರು ಬರೆಯುವುದು ಬೇಡ ಎಂದರು. ಸುತ್ತಲ ಹಳ್ಳಿಗಳಲ್ಲಿ ಮೇಸ್ತ್ರಿ ಎಂದರೆ ಸಾಕು. ಕೆ.ಆರ್. ಪೇಟೆ, ನಾಗಮಂಗಲದ ಕಡೆಯಿಂದಲೂ ವ್ಯಾನುಗಳನ್ನು ಹಗ್ಗ ಕಟ್ಟಿ ಎಳೆದು ತರುತ್ತಾರೆ.

ಅವರು ಕೆಲಸ ಕಲಿತದ್ದು ಮೆಟಾಡೋರ್ ಕಾಲದಲ್ಲಿ. ಪುಣೆಯ ಬಜಾಜ್ ಟೆಂಪೊ ಕಂಪನಿ ಜರ್ಮನಿಯ ತಂತ್ರಜ್ಞಾನ ತಂದು ಮಾಡಿದ ಆ ಡೀಸೆಲ್ ವ್ಯಾನು ಮದುವೆ ದಿಬ್ಬಣಕ್ಕೂ ಬೆಲ್ಲದ ಮೂಟೆಗೂ ಒಂದೇ ಆಗಿತ್ತು. 1984ರಲ್ಲಿ ಮಾರುತಿ ವ್ಯಾನು ಬಂತು. ಆಮೇಲೆ ಓಮ್ನಿ ಎಂಬ ಹೆಸರು ಸೇರಿದರೂ ನಮ್ಮ ಹಳ್ಳಿಗಳಲ್ಲಿ ಅದು ಮಾರುತಿ ವ್ಯಾನಾಗಿಯೇ ಉಳಿಯಿತು. ನಾಲೆ ಬಯಲಿನ ತರಕಾರಿ, ನಾಗಮಂಗಲದ ತೆಂಗಿನಕಾಯಿ, ರಾಮನಗರದ ಮಾರುಕಟ್ಟೆಗೆ ಹೋಗುವ ರೇಷ್ಮೆಗೂಡು, ಮೇಲುಕೋಟೆಯ ವೈರಮುಡಿಗೆ ಹೊರಟ ಸಂಸಾರ, ನಡುರಾತ್ರಿ ಮೈಸೂರಿನ ಆಸ್ಪತ್ರೆಗೆ ಹೊರಟ ಬಸುರಿ, ಎಲ್ಲವನ್ನೂ ಎಲ್ಲರನ್ನೂ ಹೊತ್ತದ್ದು ಅದರ 796 ಸಿಸಿಯ ಮೂರು ಸಿಲಿಂಡರಿನ ಪುಟ್ಟ ಎಂಜಿನ್. 2019ರಲ್ಲಿ ಓಮ್ನಿ ತಯಾರಿಕೆ ನಿಂತಿತು. ಊರೂರಲ್ಲಿ ಉಳಿದಿರುವ ಹಳೆಯ ವ್ಯಾನುಗಳಿಗೆ ಇಂಥ ಗ್ಯಾರೇಜುಗಳೇ ದಿಕ್ಕು.

ಈ ಎಂಜಿನ್ ಇರುವುದು ಮುಂದಿನ ಸೀಟುಗಳ ಅಡಿಯಲ್ಲಿ. ಹೀಗಾಗಿ ಇದನ್ನು ಮೇಲೆತ್ತುವುದಿಲ್ಲ, ಕೆಳಗಿಳಿಸುತ್ತಾರೆ. ಬ್ಯಾಟರಿ ವೈರು ತೆಗೆದು, ನೀರು, ಆಯಿಲ್ ಬಸಿದು, ಕೇಬಲ್ಲು, ಹೋಸ್‌ಪೈಪು, ಸೈಲೆನ್ಸರ್ ಪೈಪು, ಪ್ರೊಪೆಲ್ಲರ್ ಶಾಫ್ಟು ಬಿಡಿಸಿದರೆ ಅರ್ಧ ಕೆಲಸ ಮುಗಿಯಿತು. ಗೇರ್‌ಬಾಕ್ಸನ್ನು ಮೊದಲು ಈಚೆಗೆ ತೆಗೆದು, ಎಂಜಿನ್ನಿಗೆ ಜಾಕ್ ಆನಿಸಿ, ಮೌಂಟಿಂಗ್ ಬಿಚ್ಚಿ ಹಳೆ ಟೈರಿನ ಮೇಲೆ ಇಳಿಸುತ್ತಾರೆ. ಬೋರ್ ಮಾಡುವ ಲೇತ್ ಕೆಲಸ ಮೈಸೂರಿನಲ್ಲಿ. ಹೊಸ ಪಿಸ್ಟನ್, ರಿಂಗು ಹಾಕಿ ಎಂಜಿನ್ ಕಟ್ಟುವುದು ಮತ್ತೆ ಇಲ್ಲೇ.

ಮೇಸ್ತ್ರಿಯ ನಿಜವಾದ ಕೈಚಳಕ ಕಾಣುವುದು ಕೂರಿಸುವಾಗ. ಮೊದಲು ಕ್ಲಚ್ ಪ್ಲೇಟನ್ನು ಸೆಂಟರ್ ಮಾಡಬೇಕು. ಅದಕ್ಕೆ ಅವರ ಬಳಿ ಇರುವ ಸಾಧನ ಕೆಟ್ಟ ಗೇರ್‌ಬಾಕ್ಸೊಂದರ ಶಾಫ್ಟಿನ ತುಂಡು, ಅಷ್ಟೇ. ಅದನ್ನು ಪ್ಲೇಟಿನ ನಡುವೆ ತೂರಿಸಿ, ಪ್ರೆಷರ್ ಪ್ಲೇಟಿನ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾರೆ. ಎಂಜಿನ್ನನ್ನು ಜಾಕಿನಲ್ಲಿ ಎತ್ತಿ ಮೌಂಟಿಂಗಿಗೆ ಕೂರಿಸಿದ ಮೇಲೆ, ವ್ಯಾನಿನಡಿ ಮಲಗಿಕೊಂಡು ಗೇರ್‌ಬಾಕ್ಸನ್ನು ಎದೆಯ ಮೇಲೆ ತಂದು ಅದಕ್ಕೆ ಸೇರಿಸಬೇಕು. ಇನ್ನೊಂದು ಬೆರಳಿನಷ್ಟು ಸಂದು ಇದೆ ಎನ್ನುವಾಗ ಅದು ನಿಂತುಬಿಡುತ್ತದೆ. ಅವಸರದ ಹುಡುಗರು ಇಲ್ಲಿ ಬೋಲ್ಟು ಹಾಕಿ ಬಿಗಿದು ಎಳೆಯುತ್ತಾರೆ. ಕ್ಲಚ್ ಪ್ಲೇಟ್ ಹಾಳಾಗುವುದು ಹೀಗೆಯೇ. ಮೇಸ್ತ್ರಿ ಗೇರಿಗೆ ಹಾಕಿ, ಗೇರ್‌ಬಾಕ್ಸಿನ ಹಿಂದಿನ ತುದಿಯನ್ನು ಬೆರಳಲ್ಲಿ ಒಂಚೂರು ತಿರುಗಿಸುತ್ತಾರೆ. ಶಾಫ್ಟಿನ ಹಲ್ಲಿಗೆ ಪ್ಲೇಟಿನ ಹಲ್ಲು ಸಿಕ್ಕಿತೆಂದರೆ ಅಷ್ಟು ಭಾರದ್ದು ತಾನಾಗಿ ಒಳಗೆ ಜಾರುತ್ತದೆ. "ತಳ್ಬೇಡ ಮಗ, ಅದಾಗದೇ ಹೋಯ್ತದೆ" ಎಂದು ಕೆಲಸ ಕಲಿಯುವ ಹುಡುಗನಿಗೆ ಹೇಳುತ್ತಲೇ ಇರುತ್ತಾರೆ.

ಕೊನೆಯದು ನೀರು ತುಂಬುವುದು. ರೇಡಿಯೇಟರ್ ಮುಂದಿದೆ, ಎಂಜಿನ್ ಸೀಟಿನಡಿ. ನಡುವಿನ ಉದ್ದ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡರೆ ಎಂಜಿನ್ ಕಾದು ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಎಂಜಿನ್ ಓಡಿಸಿಟ್ಟು, ಗುಳ್ಳೆ ನಿಲ್ಲುವವರೆಗೂ ಅವರು ವ್ಯಾನಿನ ಕೀ ಕೊಡುವುದಿಲ್ಲ.

ಇಷ್ಟೆಲ್ಲ ಮಾಡಿ ಉಳಿಸಿಕೊಂಡ ವ್ಯಾನಿಗೆ ಕಾನೂನಿನಲ್ಲಿ ಗೌರವದ ಜಾಗವಿಲ್ಲ. 2021ರ ನಿಯಮದಂತೆ ವಿಂಟೇಜ್ ಎನಿಸಿಕೊಳ್ಳಲು ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಹಾಗೆ ನೋಂದಾದ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಮೊಟ್ಟಮೊದಲ ಮಾರುತಿ ವ್ಯಾನಿಗೂ 50 ತುಂಬುವುದು 2034ರಲ್ಲಿ. ಅಲ್ಲಿಯವರೆಗೆ ಅದು ಬರೀ ಹಳೆ ಗಾಡಿ. ಸ್ವಂತ ಬಳಕೆಯ ಕಾರು, ವ್ಯಾನುಗಳಿಗೆ 15 ವರ್ಷದ ಮೇಲಿನ ಆರ್‌ಸಿ ನವೀಕರಣದ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. ಹಸಿರು ತೆರಿಗೆ ಬೇರೆ. ಹೊಗೆ ಕಾರುವ ಗಾಡಿ ರಸ್ತೆಯಿಂದ ಹೋಗಲಿ, ಸರಿ. ಆದರೆ ಎಂಜಿನ್ ಹೊಸದಾಗಿ ಕಟ್ಟಿಸಿ ಶುದ್ಧವಾಗಿ ಓಡುವ ವ್ಯಾನನ್ನೂ ಬರೀ ವಯಸ್ಸು ನೋಡಿ ಅಳೆಯುವುದು ಸಣ್ಣ ರೈತನಿಗೆ ಮಾಡುವ ಅನ್ಯಾಯ.

ವ್ಯಾನು ಉಳಿದರೆ ಸಾಲದು, ಅದನ್ನು ಕಟ್ಟುವ ವಿದ್ಯೆಯೂ ಉಳಿಯಬೇಕು. ಐಟಿಐಗಳಲ್ಲಿ ಮೋಟಾರು ಮೆಕ್ಯಾನಿಕ್ ತರಬೇತಿ ಎರಡು ವರ್ಷದ್ದು. ಅದರಲ್ಲಿ ಒಂದಷ್ಟು ತಿಂಗಳಾದರೂ ಇಂಥ ಗ್ಯಾರೇಜಿನ ನೆಲದ ಮೇಲೆ ಕಳೆಯುವಂತಾದರೆ, ಕಲಿಸಿದ ಮೇಸ್ತ್ರಿಗೆ ಗೌರವಧನ ಸಿಕ್ಕರೆ, ವಿದ್ಯೆ ಉಳಿದೀತು. ಮೇಸ್ತ್ರಿಯ ಮಗ ಬೆಂಗಳೂರಿನಲ್ಲಿ ಬೇರೆ ಕೆಲಸದಲ್ಲಿದ್ದಾನೆ. ಈಗಿರುವ ಹುಡುಗನೂ ಮೈಸೂರಿನ ಶೋರೂಮಿಗೆ ಅರ್ಜಿ ಹಾಕಿದ್ದಾನಂತೆ. ಅವನನ್ನು ತಡೆಯುವ ಮನಸ್ಸು ಮೇಸ್ತ್ರಿಗಿಲ್ಲ. ಹೋಗುವುದರೊಳಗೆ ಒಂದು ಎಂಜಿನ್ನನ್ನಾದರೂ ಅವನೊಬ್ಬನೇ ಕೂರಿಸಲಿ ಎಂಬುದಷ್ಟೇ ಅವರ ಆಸೆ.