ಆನೆಗೊಂದಿಯ ಹರಿಗೋಲು ಮತ್ತು ಕರಾವಳಿಯ ಕಡಲ ಚರಿತ್ರೆ

ಆನೆಗೊಂದಿಯಿಂದ ಅರಬ್ಬೀ ಸಮುದ್ರವು ನೇರ ಅಂತರದಲ್ಲಿಯೇ ಸುಮಾರು 250 ಕಿ.ಮೀ. ದೂರದಲ್ಲಿದೆ. ಕೊಪ್ಪಳ ಜಿಲ್ಲೆಯ ಈ ಕಲ್ಲುಬಂಡೆಗಳ ಊರಿಗೂ ಕಡಲಿಗೂ ಏನು ಸಂಬಂಧ ಎಂಬ ಪ್ರಶ್ನೆ ಸಹಜ. ಆದರೆ ತುಂಗಭದ್ರೆಯ ಎರಡೂ ದಡಗಳಲ್ಲಿ ಬೆಳೆದ ವಿಜಯನಗರದ ಸೇನಾಬಲವು ಬಹುಮಟ್ಟಿಗೆ ಕಡಲು ದಾಟಿ ಬಂದ ಒಂದು ಸರಕನ್ನು ಅವಲಂಬಿಸಿತ್ತು. ಆ ಸರಕೇ ಕುದುರೆ.

ಘಟ್ಟ ಹತ್ತಿದ ಕುದುರೆಗಳು

ದಕ್ಷಿಣದ ಹವೆಯಲ್ಲಿ ಉತ್ತಮ ಯುದ್ಧಾಶ್ವಗಳನ್ನು ಬೆಳೆಸುವುದು ಕಷ್ಟವಾಗಿತ್ತು. ಹೀಗಾಗಿ ಅರೇಬಿಯಾ ಮತ್ತು ಪರ್ಷಿಯಾದ ಕುದುರೆಗಳು ಹಾರ್ಮುಜ್ ಬಂದರಿನಿಂದ ಹಡಗೇರಿ ಭಟ್ಕಳ, ಹೊನ್ನಾವರ, ಗೋವೆಗಳಲ್ಲಿ ಇಳಿದು ಘಟ್ಟ ಹತ್ತುತ್ತಿದ್ದವು. ಸ್ವತಃ ಕುದುರೆ ವ್ಯಾಪಾರಿಯಾಗಿದ್ದ ಪೋರ್ಚುಗೀಸ್ ಬರಹಗಾರ ಫೆರ್ನಾವೊ ನ್ಯೂನಿಜ್, ಅರಸನು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ದಾಖಲಿಸಿದ್ದಾನೆ. 1510ರಲ್ಲಿ ಪೋರ್ಚುಗೀಸರು ಗೋವೆಯನ್ನು ವಶಪಡಿಸಿಕೊಂಡ ಬಳಿಕ ಈ ವ್ಯಾಪಾರದ ಕೀಲಿಕೈ ಅವರ ಪಾಲಾಯಿತು. ಗೋವೆಗೆ ಬಂದ ಕುದುರೆಗಳನ್ನು ಬಿಜಾಪುರಕ್ಕೆ ಕೊಡದೆ ತನಗೇ ಮಾರಬೇಕೆಂದು ವಿಜಯನಗರವು 1547ರಲ್ಲಿ ಅವರೊಡನೆ ಒಪ್ಪಂದ ಮಾಡಿಕೊಂಡಿತು.

1520ರ ಸುಮಾರಿನಲ್ಲಿ ಭಟ್ಕಳದಿಂದ ಹೊರಟು ರಾಜಧಾನಿ ತಲುಪಿದ ಡೊಮಿಂಗೊ ಪಾಯೆಸ್, ಆನೆಗೊಂದಿಯ ಹರಿಗೋಲನ್ನೂ ವರ್ಣಿಸಿದ್ದಾನೆ. ಬೆತ್ತದಿಂದ ಹೆಣೆದು ಚರ್ಮ ಹೊದಿಸಿದ, ಬುಟ್ಟಿಯಂತೆ ದುಂಡಾದ ಆ ದೋಣಿಯಲ್ಲಿ 15ರಿಂದ 20 ಜನ ಹೊಳೆ ದಾಟುತ್ತಿದ್ದರು. ಅಗತ್ಯವಿದ್ದರೆ ಕುದುರೆ, ಎತ್ತುಗಳನ್ನೂ ಸಾಗಿಸಲಾಗುತ್ತಿತ್ತು ಎನ್ನುತ್ತಾನೆ ಆತ. ಕಡಲ ಹಡಗಿನಲ್ಲಿ ಬಂದ ಕುದುರೆಯೊಂದು ಹೊಳೆಯ ಹರಿಗೋಲನ್ನೂ ಏರಿದ್ದರೆ ಅಚ್ಚರಿಯಿಲ್ಲ.

ಹೆಸರಿಲ್ಲದವರ ಇತಿಹಾಸ

ಅರಸರ ಹೆಸರು ಶಾಸನಗಳಲ್ಲಿದೆ. ಹಂಜಮಾನ, ನಖರಗಳೆಂಬ ವರ್ತಕ ಸಂಘಗಳೂ ಕರಾವಳಿಯ ಶಾಸನಗಳಲ್ಲಿ ಕಾಣಸಿಗುತ್ತವೆ. ಆದರೆ ಕಡಲಿಗಿಳಿದ ಮೊಗವೀರರು, ಖಾರ್ವಿಗಳು, ಹೊಳೆಯಲ್ಲಿ ಹುಟ್ಟು ಹಾಕಿದ ಅಂಬಿಗರು ದಾಖಲೆಗಳಲ್ಲಿ ಹೆಸರಿನಿಂದ ಸಿಗುವುದು ಅಪರೂಪ.

ಇದಕ್ಕೆ ಹತ್ತಿರದ ಒಂದು ಅಪವಾದ ಬೊಮ್ಮ. 12ನೇ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜುವಿನ ದಾಸನಾಗಿದ್ದ ಈತ ಕಡಲಾಚೆಯ ವ್ಯವಹಾರಗಳನ್ನೂ ನೋಡಿಕೊಳ್ಳುತ್ತಿದ್ದ. ಕೈರೋದ ಯಹೂದಿ ಮಂದಿರವೊಂದರಲ್ಲಿ ಉಳಿದ ಕಾಗದಗಳಲ್ಲಿ ಆತನ ಹೆಸರಿನ ಮೂರು ವ್ಯಂಜನಗಳಷ್ಟೇ ಇದ್ದವು. ಅದನ್ನು 'ಬೊಮ್ಮ' ಎಂದು ಓದಲು ಲೇಖಕ ಅಮಿತಾವ್ ಘೋಷ್ ಅವರಿಗೆ ನೆರವಾದದ್ದು ತುಳು ವಿದ್ವಾಂಸ ಬಿ. ಎ. ವಿವೇಕ ರೈ ಅವರ ಜ್ಞಾನ. ಘೋಷ್ ಅವರ ಕೃತಿ 1992ರಲ್ಲಿ ಪ್ರಕಟವಾಯಿತು. ವಿದೇಶದ ದಾಖಲೆ ಮತ್ತು ಸ್ಥಳೀಯ ತಿಳಿವಳಿಕೆ ಕೂಡಿದಾಗ ಮಾತ್ರ ಇಂತಹ ಹೆಸರು ಬೆಳಕಿಗೆ ಬರುತ್ತದೆ ಎಂಬುದಕ್ಕೆ ಇದೇ ನಿದರ್ಶನ.

ನೆರವು ಎಲ್ಲಿ ಬೇಕು?

ಗೋವೆ ಮತ್ತು ಲಿಸ್ಬನ್ನಿನ ದಾಖಲೆಗಳನ್ನು ಓದಲು ಹಳೆಯ ಪೋರ್ಚುಗೀಸ್ ಬೇಕು; ಬೆನ್ ಯಿಜುವಿನಂತಹವರ ಕಾಗದಗಳಿಗೆ ಹೀಬ್ರೂ ಲಿಪಿಯ ಅರಬ್ಬೀ ಬೇಕು. ಈ ಭಾಷೆಗಳನ್ನು ಕಲಿಯಲು ಕನ್ನಡದ ಯುವ ಸಂಶೋಧಕರಿಗೆ ದೀರ್ಘಾವಧಿಯ ವಿದ್ಯಾರ್ಥಿವೇತನ ದೊರೆಯಬೇಕು. ಗೋವೆಯ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಗೆ ಕಡಲಾಳದ ಪುರಾತತ್ವದ ಅನುಭವವಿದೆ. 1991ರಲ್ಲಿ ಸ್ಥಾಪನೆಗೊಂಡ ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಆನೆಗೊಂದಿಯ ಆಚೆ ದಡದಲ್ಲಿಯೇ ಇದೆ. ಕಡಲು ಮತ್ತು ರಾಜಧಾನಿಯನ್ನು ಬೆಸೆಯುವ ಅಧ್ಯಯನಕ್ಕೆ ಇಂತಹ ಸಂಸ್ಥೆಗಳು ಕೈಜೋಡಿಸುವುದು ಅಪೇಕ್ಷಣೀಯ.

ಎಲ್ಲಕ್ಕಿಂತ ತುರ್ತಾದುದು ಹಿರಿಯರ ನೆನಪು. 1970ರ ದಶಕದಲ್ಲಿ ಯಾಂತ್ರಿಕ ಮೀನುಗಾರಿಕೆ ಹಬ್ಬಿದಂತೆ ಕರಾವಳಿಯ ರಂಪಣಿ ಬಲೆ ಹಿಂದೆ ಸರಿಯಿತು. ಅದನ್ನು ಎಳೆದ ತಲೆಮಾರಿಗೆ ಈಗ ಇಳಿವಯಸ್ಸು. ಇತ್ತ ಸೇತುವೆಗಳು ಬಂದಂತೆ ಹರಿಗೋಲಿನ ಅಗತ್ಯ ಕುಗ್ಗಿದೆ. ಚರ್ಮದ ಹೊದಿಕೆಯ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಬಂದಿದೆ. ಗಾಳಿ, ಸೆಳವು, ಮರ, ಹೆಣಿಗೆಗಳ ಬಗ್ಗೆ ಇವರಲ್ಲಿರುವ ಜ್ಞಾನ ಯಾವ ಗ್ರಂಥದಲ್ಲೂ ಪೂರ್ಣವಾಗಿ ಇಲ್ಲ.

ಇದನ್ನು ಧ್ವನಿಮುದ್ರಿಸಿಕೊಳ್ಳಲು ದೊಡ್ಡ ಅನುದಾನವೇನೂ ಬೇಕಾಗದು. ಆದರೆ ಹೇಳುವವರ ಸಮಯಕ್ಕೆ ಸಂಭಾವನೆ ಸಲ್ಲಬೇಕು, ಸಂಗ್ರಹದ ಪ್ರತಿ ಅವರ ಊರಿನಲ್ಲೂ ಉಳಿಯಬೇಕು. ಕಾಗದದ ದಾಖಲೆಗಳು ಇನ್ನೂ ಕೆಲಕಾಲ ಕಾದಾವು; ಈ ಹಿರಿಯರಿಗೆ ಅಷ್ಟು ಸಮಯವಿಲ್ಲ.